ಹೊಣೆಯೂ ಅಧಿಕಾರವೂ: ಡಬ್ಲಿನ್ನಿನಲ್ಲಿ ಸಂತ ನ್ಯೂಮನ್ನರು

ದೇವಾಲಯದ ಶತಮಾನೋತ್ಸವದ ಈ ಶುಭವೇಳೆಯಲ್ಲಿ, ನಮ್ಮ ಹಿರಿಯರು ಕಟ್ಟಿಕೊಟ್ಟುದನ್ನು ಕಂಡು ನಾವು ಹಿಗ್ಗುವುದು ಸಹಜ. ಆದರೆ ಕಟ್ಟುವುದಕ್ಕಿಂತ ಕೂಡಿ ನಡೆಸುವುದು ಕಠಿಣ. ಸಂತ ಜಾನ್ ಹೆನ್ರಿ ನ್ಯೂಮನ್ನರ ಬಾಳಿನ ಏಳು ವರ್ಷಗಳು ಈ ಸತ್ಯಕ್ಕೆ ಸಾಕ್ಷಿಯಾಗಿವೆ.

೧೮೦೧ರ ಫೆಬ್ರವರಿ ೨೧ರಂದು ಲಂಡನ್ನಿನಲ್ಲಿ ಜನಿಸಿದ ನ್ಯೂಮನ್ನರು ಆಕ್ಸ್‌ಫರ್ಡಿನಲ್ಲಿ ವಿದ್ಯಾಭ್ಯಾಸ ಮಾಡಿ, ಅಲ್ಲಿಯೇ ಆಂಗ್ಲಿಕನ್ ಸಭೆಯ ಹೆಸರಾಂತ ಬೋಧಕರಾದರು. ೧೮೪೫ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದಾಗ ಸ್ಥಾನಮಾನಗಳನ್ನೂ ಅನೇಕ ಆಪ್ತರನ್ನೂ ತೊರೆಯಬೇಕಾಯಿತು. ೧೮೪೭ರಲ್ಲಿ ರೋಮಿನಲ್ಲಿ ಗುರುದೀಕ್ಷೆ ಪಡೆದು, ಮರುವರ್ಷ ಬರ್ಮಿಂಗ್‌ಹ್ಯಾಮಿನ ಬಳಿ ಆರಟರಿ ಗುರುಗಳ ಮಠವನ್ನು ಸ್ಥಾಪಿಸಿದರು.

ಅದೇ ಕಾಲದಲ್ಲಿ ಬ್ರಿಟಿಷ್ ಸರ್ಕಾರವು ಐರ್ಲೆಂಡಿನಲ್ಲಿ ಯಾವ ಧರ್ಮಕ್ಕೂ ಸೇರದ ಕ್ವೀನ್ಸ್ ಕಾಲೇಜುಗಳನ್ನು ತೆರೆದಿತ್ತು. ೧೮೫೦ರಲ್ಲಿ ಥರ್ಲ್ಸ್ ಪಟ್ಟಣದಲ್ಲಿ ನೆರೆದ ಐರಿಷ್ ಬಿಷಪರು ಇವನ್ನು ಒಪ್ಪದೆ, ತಮ್ಮದೇ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಲು ಮುಂದಾದರು. ಆರ್ಚ್‌ಬಿಷಪ್ ಪಾಲ್ ಕಲನ್ನರ ಆಹ್ವಾನದಂತೆ ೧೮೫೧ರಲ್ಲಿ ನ್ಯೂಮನ್ನರು ಅದರ ಪ್ರಥಮ ರೆಕ್ಟರರಾಗಿ ನೇಮಕಗೊಂಡರು. ಮಹಾಕ್ಷಾಮದಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ಜನರು ದೇವಾಲಯಗಳಲ್ಲಿ ಕೊಟ್ಟ ಕಾಸುಗಳೇ ಅದರ ಮೂಲಧನ.

೧೮೫೪ರ ನವೆಂಬರ್ ೩ರಂದು ಡಬ್ಲಿನ್ನಿನ ಸೇಂಟ್ ಸ್ಟೀಫನ್ಸ್ ಗ್ರೀನಿನಲ್ಲಿ ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯಿತು. ಮರುವರ್ಷ ಸೆಸಿಲಿಯಾ ಬೀದಿಯಲ್ಲಿ ವೈದ್ಯಶಾಲೆಯೂ ಪ್ರಾರಂಭವಾಯಿತು. ಪ್ರಾಧ್ಯಾಪಕರಲ್ಲಿ ಬಹುಮಂದಿ ಗುರುಗಳಲ್ಲ, ಶ್ರೀಸಾಮಾನ್ಯ ವಿಶ್ವಾಸಿಗಳು. ಐರಿಷ್ ಇತಿಹಾಸವನ್ನು ಬೋಧಿಸಲು ಆ ಭಾಷೆಯ ಹಳೆಯ ಹಸ್ತಪ್ರತಿಗಳ ಪಂಡಿತ ಯೂಜೀನ್ ಓಕರಿಯವರನ್ನು ನ್ಯೂಮನ್ನರು ಕರೆತಂದರು.

ತೊಡಕು ಹುಟ್ಟಿದ್ದು ಆಡಳಿತದಲ್ಲಿ. ಲೆಕ್ಕಪತ್ರಗಳನ್ನು ಶ್ರೀಸಾಮಾನ್ಯರ ಸಮಿತಿಯೊಂದಕ್ಕೆ ಒಪ್ಪಿಸಬೇಕೆಂಬುದು ನ್ಯೂಮನ್ನರ ಬಯಕೆ. ಹಣ ಕೊಡುವವರೂ ಮಕ್ಕಳನ್ನು ಕಳುಹಿಸುವವರೂ ಅವರೇ ಆಗಿರುವಾಗ, ಅವರನ್ನು ಹೊರಗಿಡುವುದು ಅವರಿಗೆ ನ್ಯಾಯವೆನಿಸಲಿಲ್ಲ. ಬಿಷಪರು ಇದಕ್ಕೆ ಸಮ್ಮತಿಸಲಿಲ್ಲ. ರೆಕ್ಟರರು ಕಲನ್ನರಿಗೆ ಬರೆದ ಪತ್ರಗಳಿಗೆ ಎಷ್ಟೋ ವೇಳೆ ತಿಂಗಳುಗಟ್ಟಲೆ ಉತ್ತರವೇ ಬರುತ್ತಿರಲಿಲ್ಲ. ಹೊಣೆ ಅವರ ಹೆಗಲ ಮೇಲಿತ್ತು. ಅಧಿಕಾರ ಇನ್ನೊಬ್ಬರ ಕೈಯಲ್ಲಿತ್ತು.

ತಪ್ಪನ್ನೆಲ್ಲ ಒಬ್ಬರ ಮೇಲೆ ಹೊರಿಸುವುದು ಧರ್ಮವಲ್ಲ. ಬಡವರ ಕಾಸಿಗೆ ಕಲನ್ನರು ಉತ್ತರ ಹೇಳಬೇಕಾಗಿತ್ತು. ಟ್ಯೂಮಿನ ಆರ್ಚ್‌ಬಿಷಪ್ ಮ್ಯಾಕ್‌ಹೇಲರಂಥವರು ಯೋಜನೆಯ ರೀತಿಯನ್ನೇ ವಿರೋಧಿಸಿದರು. ಸರ್ಕಾರವು ಪದವಿ ನೀಡುವ ಸನ್ನದನ್ನು ಕೊಡಲಿಲ್ಲ. ನ್ಯೂಮನ್ನರೂ ತಮ್ಮ ಮಠಕ್ಕೂ ಡಬ್ಲಿನ್ನಿಗೂ ನಡುವೆ ಕಡಲು ದಾಟುತ್ತ, ಎರಡು ಕಡೆಯ ಹೊರೆಯಿಂದ ಬಳಲಿದರು. ೧೮೫೮ರ ನವೆಂಬರಿನಲ್ಲಿ ಅವರು ರಾಜೀನಾಮೆಯಿತ್ತರು.

ಆದರೂ ಬಿತ್ತಿದ ಬೀಜ ಸಾಯಲಿಲ್ಲ. ವೈದ್ಯಶಾಲೆಯು ಏಳಿಗೆ ಹೊಂದಿತು. ಮೂಲಸಂಸ್ಥೆಯು ಯೂನಿವರ್ಸಿಟಿ ಕಾಲೇಜಾಗಿ, ೧೯೦೮ರಲ್ಲಿ ಐರ್ಲೆಂಡಿನ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಅಂಗವಾಯಿತು. ನ್ಯೂಮನ್ನರು ೧೮೭೯ರಲ್ಲಿ ಕಾರ್ಡಿನಲರಾಗಿ, ೧೮೯೦ರ ಆಗಸ್ಟ್ ೧೧ರಂದು ದೈವಾಧೀನರಾದರು. ೨೦೧೯ರಲ್ಲಿ ಧರ್ಮಸಭೆಯು ಅವರನ್ನು ಸಂತರೆಂದೂ, ೨೦೨೫ರಲ್ಲಿ ಧರ್ಮಸಭೆಯ ಪಂಡಿತರೆಂದೂ ಘೋಷಿಸಿತು.

ಈ ಚರಿತ್ರೆಯನ್ನು ಓದುವಾಗ ಗುರುಗಳಾದ ನಾವು ನ್ಯೂಮನ್ನರ ಪಕ್ಕದಲ್ಲಿ ನಿಲ್ಲಬಯಸುತ್ತೇವೆ. ಆದರೆ ಎದೆಮುಟ್ಟಿ ನೋಡಿಕೊಂಡರೆ, ಎಷ್ಟೋ ಬಾರಿ ನಾವು ನಿಂತಿರುವುದು ಕಲನ್ನರ ಪಕ್ಕದಲ್ಲಿಯೇ. ಸಮಿತಿಗಳನ್ನು ನೇಮಿಸುತ್ತೇವೆ, ಲೆಕ್ಕದ ಪುಸ್ತಕವನ್ನು ಮಾತ್ರ ಮುಚ್ಚಿಡುತ್ತೇವೆ. ಕೆಲಸವನ್ನು ವಹಿಸುತ್ತೇವೆ, ಕೇಳಿದ ಪ್ರಶ್ನೆಗೆ ಮೌನ ತಾಳುತ್ತೇವೆ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮಗೆ, ಹೊಣೆಯೊಡನೆ ವಿಶ್ವಾಸವನ್ನೂ ಹಂಚಿಕೊಳ್ಳುವ ವರವನ್ನು ಈ ಸಂತರು ದೇವರಲ್ಲಿ ಬೇಡಿ ದೊರಕಿಸಿಕೊಡಲಿ.