ಶಂಕೆಗೆ ಸಿಕ್ಕ ಸತ್ಯ

ಬರೆದವನ ಹೆಸರು ಮರೆಯಾಗಿ ಬರೆಹವಷ್ಟೇ ಉಳಿಯುವುದು ಸಾಹಿತ್ಯಚರಿತ್ರೆಯಲ್ಲಿ ಅಪರೂಪವೇನೂ ಅಲ್ಲ. ಆದರೆ ಸುಳ್ಳಿನ ಕೇಡನ್ನೇ ವಸ್ತುವಾಗಿ ಉಳ್ಳ ನಾಟಕವೊಂದು ಸುಳ್ಳು ಹೆಸರನ್ನು ಹೊತ್ತು ದೇಶಾಂತರ ಹೋದುದನ್ನು ವಿಧಿಯ ವಿನೋದವೆಂದೇ ಹೇಳಬೇಕು. ‘ಶಂಕೆಗೆ ಸಿಕ್ಕ ಸತ್ಯ’ ಎಂಬರ್ಥದ ಹೆಸರುಳ್ಳ ಆ ಸ್ಪ್ಯಾನಿಷ್ ವಿನೋದ ನಾಟಕವನ್ನು ರಚಿಸಿದವನು ಹ್ವಾನ್ ರೂಯಿಸ್ ದೆ ಅಲಾರ್ಕೋನ್.

ಆತನ ಹುಟ್ಟುನಾಡು ಸ್ಪೇನ್ ಅಲ್ಲ. ಅಂದು ಸ್ಪೇನಿನ ಆಳ್ವಿಕೆಗೆ ಒಳಪಟ್ಟಿದ್ದ ಮೆಕ್ಸಿಕೊ. ಕಾಲ 1580ರ ಸುಮಾರು. ಎದೆಯಲ್ಲಿಯೂ ಬೆನ್ನಿನಲ್ಲಿಯೂ ಗೂನು. 1600ರಲ್ಲಿ ಕಡಲು ದಾಟಿ ಸಾಲಮಾಂಕ ವಿಶ್ವವಿದ್ಯಾನಿಲಯವನ್ನು ಸೇರಿ ನ್ಯಾಯಶಾಸ್ತ್ರ ಓದಿದನು. ಸೆವಿಲ್ಲದಲ್ಲಿ ಕೆಲಕಾಲ ವಕೀಲಿ ಮಾಡಿದನು. 1608ರಲ್ಲಿ ತಾಯ್ನಾಡಿಗೆ ಮರಳಿ ಮರುವರ್ಷ ಪದವಿ ಪಡೆದರೂ ಅಲ್ಲಿನ ಅಧ್ಯಾಪಕ ಪೀಠ ಕೈಗೆ ಎಟುಕಲಿಲ್ಲ. 1613ರ ವೇಳೆಗೆ ಮತ್ತೆ ಸ್ಪೇನಿಗೆ ಬಂದು, ಸರಕಾರದ ಹುದ್ದೆಗಾಗಿ ಮಡ್ರಿಡ್ಡಿನಲ್ಲಿ ವರ್ಷಗಟ್ಟಲೆ ಕಾದನು. ಆ ಕಾಯುವಿಕೆಯ ದಿನಗಳಲ್ಲಿ ನಾಟಕ ಬರೆದನು.

ಅದು ಲೋಪೆ ದೆ ವೇಗನ ಕಾಲ. ನೂರಾರು ನಾಟಕಗಳ ಆ ಮಹಾಪ್ರವಾಹದೆದುರು ಅಲಾರ್ಕೋನನದು ಸಣ್ಣ ತೊರೆ. ಅವನು ಅಚ್ಚಿಗೆ ಕೊಟ್ಟವು ಇಪ್ಪತ್ತು. ಕೆವೆದೊ, ಗೊಂಗೊರರಂಥ ದೊಡ್ಡ ಕವಿಗಳೂ ಅವನ ಗೂನನ್ನು ಹಾಸ್ಯಕ್ಕೆ ವಸ್ತು ಮಾಡಿಕೊಂಡರು. ಹೆಸರಿನ ಹಿಂದೆ ಗೌರವದ ‘ದೋನ್’ ಇಟ್ಟುಕೊಂಡನೆಂದು ಆಡಿಕೊಂಡರು. 1623ರಲ್ಲಿ ಅವನ ನಾಟಕವೊಂದರ ಮೊದಲ ಪ್ರದರ್ಶನದಲ್ಲಿ ದುರ್ವಾಸನೆಯ ಎಣ್ಣೆಯನ್ನು ತಂದಿಟ್ಟು ಪ್ರೇಕ್ಷಕರನ್ನು ಕಂಗೆಡಿಸಿದ ಘಟನೆಯೂ ನಡೆಯಿತು. ಗುಮಾನಿ ಲೋಪೆಯ ಮೇಲೆಯೇ ಬಿದ್ದಿತ್ತು.

ಅವನು ಉತ್ತರ ಕೊಟ್ಟದ್ದು ರಂಗದ ಮೇಲೆ. ‘ಗೋಡೆಗೂ ಕಿವಿಯುಂಟು’ ಎಂಬರ್ಥದ ಹೆಸರಿನ ನಾಟಕದಲ್ಲಿ ಕುರೂಪಿಯಾದ ನಾಯಕ, ಚಾಡಿಕೋರನಾದ ಸುಂದರನನ್ನು ಗುಣದಿಂದಲೇ ಗೆಲ್ಲುತ್ತಾನೆ. ಆ ನಾಯಕನಿಗೆ ಹ್ವಾನ್ ದೆ ಮೆಂದೋಸ ಎಂದು ತನ್ನ ಹೆಸರನ್ನೂ ಮನೆತನದ ಹೆಸರನ್ನೂ ಕೊಟ್ಟಿದ್ದಾನೆ. ಮನುಷ್ಯನ ಬೆಲೆ ಮೈಯಲ್ಲಿಲ್ಲ, ನಡೆನುಡಿಯಲ್ಲಿದೆ ಎಂಬ ಈ ನಂಬಿಕೆಯೇ 1620ರ ಆಸುಪಾಸಿನ ‘ಶಂಕೆಗೆ ಸಿಕ್ಕ ಸತ್ಯ’ದಲ್ಲಿಯೂ ಇದೆ.

ಅದರ ನಾಯಕ ಗಾರ್ಸಿಯಾ ಓದು ಮುಗಿಸಿ ಮಡ್ರಿಡ್ಡಿಗೆ ಬಂದ ಚೆಲುವ, ಧೈರ್ಯಶಾಲಿ. ಆದರೆ ಸತ್ಯದ ತಲೆಯ ಮೇಲೆ ಹೊಡೆದಂತೆ ಸುಳ್ಳು ಹೇಳುವವನು. ಬೀದಿಯಲ್ಲಿ ಕಂಡ ಹಸಿಂತಳಿಗೆ ಮನಸೋಲುತ್ತಾನೆ. ಆದರೆ ಅವಳ ಹೆಸರು ಲುಕ್ರೇಸಿಯ ಎಂದು ತಪ್ಪಾಗಿ ತಿಳಿಯುತ್ತಾನೆ. ತಂದೆ ಹಸಿಂತಳನ್ನೇ ಗೊತ್ತುಮಾಡಿದಾಗ, ಇವಳಾರೋ ಬೇರೆಯವಳೆಂದು ತನಗೆ ಆಗಲೇ ಮದುವೆಯಾಗಿದೆಯೆಂದು ಕಥೆ ಕಟ್ಟುತ್ತಾನೆ. ಕೊನೆಗೆ ನಿಜವನ್ನು ನುಡಿದರೂ ನಂಬುವವರಿಲ್ಲ. ಒಲಿದವಳು ಕೈತಪ್ಪಿ, ಒಲ್ಲದವಳ ಕೈಹಿಡಿಯಬೇಕಾಗುತ್ತದೆ. ದಂಡನೆ ಹೊರಗಿನಿಂದ ಬರುವುದಿಲ್ಲ, ಅವನ ಮಾತಿನಿಂದಲೇ ಹುಟ್ಟುತ್ತದೆ. ನಾಟಕದ ಹಿರಿಮೆ ಇರುವುದು ಇಲ್ಲಿಯೇ ಎಂದು ನನ್ನ ಭಾವನೆ.

1630ರಲ್ಲಿ ಸರಗೋಸದಲ್ಲಿ ಈ ನಾಟಕ ಅಚ್ಚಾದಾಗ ಅದು ಸೇರಿದ್ದು ಲೋಪೆಯ ನಾಟಕಸಂಪುಟದಲ್ಲಿ! ಅಷ್ಟರಲ್ಲಿ ಅಲಾರ್ಕೋನನಿಗೆ ಅಮೆರಿಕದ ವಸಾಹತುಗಳ ಆಡಳಿತ ಮಂಡಲಿಯಲ್ಲಿ ಹುದ್ದೆ ದೊರೆತು ನಾಟಕರಚನೆ ನಿಂತಿತ್ತು. 1634ರಲ್ಲಿ ತನ್ನ ಎರಡನೆಯ ಸಂಪುಟವನ್ನು ಹೊರಡಿಸಿ, ಪರರು ಮುಡಿದ ಗರಿಗಳು ತನ್ನವೇ ಎಂದು ಮುನ್ನುಡಿಯಲ್ಲಿ ಸಾರಿದನು. ಸಾರಿದ್ದು ಸತ್ಯ, ಆದರೆ ಫ್ರಾನ್ಸಿಗೆ ಅದು ಮುಟ್ಟಲಿಲ್ಲ. ಆತ ತೀರಿಕೊಂಡದ್ದು 1639ರ ಆಗಸ್ಟ್ 4ರಂದು.

1644ರಲ್ಲಿ ಅಚ್ಚಾದ ಕಾರ್ನೇಯ ‘ಸುಳ್ಳುಗಾರ’ ಈ ನಾಟಕದ ಫ್ರೆಂಚ್ ರೂಪಾಂತರ. ಮೂಲ ಲೋಪೆಯದೆಂದೇ ಕಾರ್ನೇ ನಂಬಿದ್ದನು. ತನ್ನ ಎರಡು ಅತ್ಯುತ್ತಮ ಕೃತಿಗಳನ್ನು ಕೊಟ್ಟಾದರೂ ಈ ಕಲ್ಪನೆ ತನ್ನದಾಗಬಾರದಿತ್ತೆ ಎಂದು ಹಂಬಲಿಸಿದ ಅವನಿಗೆ, ಅಲಾರ್ಕೋನನ ಹೆಸರು ಗೊತ್ತಾದುದು ತಡವಾಗಿ. ಮೊಲಿಯೇರನಂಥವನು ಹುಟ್ಟಿದ್ದಕ್ಕೆ ಈ ರೂಪಾಂತರವೇ ಕಾರಣವಿರಬೇಕೆಂದು ಮುಂದೆ ವೋಲ್ಟೇರ್ ಬರೆದನು. ಇಂಗ್ಲೆಂಡಿನಲ್ಲಿ 1703ರಲ್ಲಿ ಸ್ಟೀಲ್, 1762ರಲ್ಲಿ ಫೂಟ್, ಇಟಲಿಯಲ್ಲಿ 1750ರಲ್ಲಿ ಗೋಲ್ದೋನಿ ಇದೇ ಬೀಜವನ್ನು ತಮ್ಮ ನೆಲದಲ್ಲಿ ಬಿತ್ತಿದರು. 2010ರಲ್ಲಿ ವಾಷಿಂಗ್ಟನ್ನಿನಲ್ಲಿ ಡೇವಿಡ್ ಐವ್ಸ್ ಇಂಗ್ಲಿಷಿಗೆ ತಂದದ್ದೂ ಕಾರ್ನೇಯ ನಾಟಕವನ್ನೇ.

ಕೊನೆಯ ಅಂಕದಲ್ಲಿ ಇವರು ಬೇರೆಯಾಗುತ್ತಾರೆ. ಕಾರ್ನೇಯ ನಾಯಕ ಎರಡನೆಯವಳಿಗೇ ಮನಸ್ಸು ತಿರುಗಿಸಿಕೊಂಡು ಸುಖವಾಗಿ ಪಾರಾಗುತ್ತಾನೆ. ಗೋಲ್ದೋನಿಯ ನಾಯಕ ಬಯಲಾಗಿ ಹೊರಬೀಳುತ್ತಾನೆ. ಒಬ್ಬನದು ಕ್ಷಮೆ, ಇನ್ನೊಬ್ಬನದು ಬಹಿಷ್ಕಾರ. ಸುಳ್ಳುಗಾರನನ್ನು ಅವನ ಸುಳ್ಳಿನೊಡನೆಯೇ ಬಾಳಲು ಬಿಟ್ಟವನು ಅಲಾರ್ಕೋನ್ ಒಬ್ಬನೇ.

19ನೆಯ ಶತಮಾನದ ಸ್ಪೇನಿನಲ್ಲಿ, 1852ರಲ್ಲಿ, ಹಾರ್ತ್ಸೆನ್‌ಬುಶ್ ಅವನ ನಾಟಕಗಳನ್ನು ಒಟ್ಟಾಗಿ ಸಂಪಾದಿಸಿದನು. 20ನೆಯ ಶತಮಾನದಲ್ಲಿ ಮೆಕ್ಸಿಕೊ ಅವನನ್ನು ತನ್ನ ಮಗನೆಂದು ಹೆಮ್ಮೆಯಿಂದ ಅಪ್ಪಿಕೊಂಡಿತು. ಅನುವಾದ ಕೃತಿಗೆ ಆಯುಸ್ಸು ಕೊಡುತ್ತದೆ, ಕರ್ತೃವಿಗೆ ನ್ಯಾಯ ಕೊಡಬೇಕಾದವರು ಓದುಗರು. ರೂಪಾಂತರವನ್ನು ಕೈಗೆತ್ತಿಕೊಂಡಾಗಲೆಲ್ಲ ಮೂಲದವನ ಹೆಸರನ್ನು ಕೇಳುವ ಅಭ್ಯಾಸ ವಿದ್ಯಾರ್ಥಿಗಳಿಗೆ ಬರಲಿ. ಜೀವಮಾನವೆಲ್ಲ ಅಪಹಾಸ್ಯವನ್ನುಂಡವನಿಗೆ ಸಲ್ಲಬೇಕಾದ ಋಣವೂ ಅದೇ.