ಛತ್ರದ ತಾಯಿ ಮೇರಿ ಸೀಕೋಲ್

ಗಾಯಗೊಂಡು ದಾರಿಯಲ್ಲಿ ಬಿದ್ದಿದ್ದವನನ್ನು ಛತ್ರಕ್ಕೆ ಕರೆದೊಯ್ದು ಉಪಚರಿಸಿದ ಸಮಾರ್ಯದವನ ಸಾಮತಿ ನಮಗೆಲ್ಲ ಚಿರಪರಿಚಿತ. ಅಂದು ನೆರವಾದವನು ಸ್ವಜನರವನಲ್ಲ. ಯೆಹೂದ್ಯರು ದೂರವಿಟ್ಟಿದ್ದ ಜನಾಂಗದವನು. ಆ ಸಾಮತಿಯನ್ನು ಬಾಳಿ ತೋರಿಸಿದ ಮಹಿಳೆ ಮೇರಿ ಸೀಕೋಲ್.

ಮೇರಿ 1805ರಲ್ಲಿ ಜಮೈಕಾ ದ್ವೀಪದ ಕಿಂಗ್‌ಸ್ಟನ್ ಪಟ್ಟಣದಲ್ಲಿ ಜನಿಸಿದರು. ತಂದೆ ಸ್ಕಾಟ್ಲೆಂಡಿನ ಸೈನಿಕ. ತಾಯಿ ಆಫ್ರಿಕಾ ಮೂಲದ ರಕ್ತ ಹಂಚಿಕೊಂಡಿದ್ದ, ಗುಲಾಮಳಲ್ಲದ ಮಹಿಳೆ. ದ್ವೀಪದಲ್ಲಿ ಆಗ ಗುಲಾಮಗಿರಿ ಇನ್ನೂ ಜಾರಿಯಲ್ಲಿತ್ತು; ಮಿಶ್ರವರ್ಣದವರಿಗೆ ಬಿಳಿಯರ ಸಮಾನ ಹಕ್ಕುಗಳಿರಲಿಲ್ಲ. ತಾಯಿ ವಸತಿಗೃಹ ನಡೆಸುತ್ತ, ಕಾಯಿಲೆ ಬಿದ್ದ ಸೈನಿಕರಿಗೆ ನಾಟಿ ಮದ್ದು ಕೊಡುತ್ತಿದ್ದರು. ಪುಟ್ಟ ಮೇರಿ ತನ್ನ ಬೊಂಬೆಗೇ ಮದ್ದು ಹಾಕುತ್ತ ಆ ವಿದ್ಯೆ ಕಲಿತಳು.

1836ರಲ್ಲಿ ಮದುವೆಯಾಯಿತು, 1844ರಲ್ಲಿ ಪತಿ ತೀರಿಕೊಂಡರು. ದುಃಖ ನುಂಗಿಕೊಂಡು ಮೇರಿ ರೋಗಿಗಳ ಸೇವೆಗೆ ನಿಂತರು. 1850ರಲ್ಲಿ ಜಮೈಕಾದಲ್ಲಿ, ಮರುವರ್ಷ ಪನಾಮಾದಲ್ಲಿ ಕಾಲರಾ ಹರಡಿದಾಗ ಹಗಲಿರುಳು ದುಡಿದರು. ಪನಾಮಾದಲ್ಲಿ ಅವರಿಗೂ ಆ ರೋಗ ತಗಲಿತು, ದೈವಕೃಪೆಯಿಂದ ಬದುಕಿದರು.

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳಿಗೆ ದಾದಿಯರು ಬೇಕಾಗಿದ್ದಾರೆಂದು ತಿಳಿದು ಲಂಡನ್ನಿನಲ್ಲಿ ಅರ್ಜಿ ಹಿಡಿದು ಕಚೇರಿಗಳಿಗೆ ಅಲೆದರು. ಅನುಭವವಿತ್ತು, ಮನಸ್ಸಿತ್ತು. ಆದರೂ ಎಲ್ಲೆಡೆ ಬಾಗಿಲು ಮುಚ್ಚಿತು. ತನ್ನ ಮೈಬಣ್ಣವೇ ಕಾರಣವಿರಬಹುದೇ ಎಂಬ ಸಂಶಯ ಕಾಡಿತು. ಬೀದಿಯಲ್ಲೇ ನಿಂತು ಕಣ್ಣೀರಿಟ್ಟರು.

ಆದರೆ ಊರಿಗೆ ಮರಳಲಿಲ್ಲ. ಸ್ವಂತ ಖರ್ಚಿನಲ್ಲಿ ಕ್ರಿಮಿಯಾಕ್ಕೆ ಹೊರಟರು. 1855ರಲ್ಲಿ ಪತಿಯ ಬಂಧುವೊಬ್ಬರ ಜೊತೆ ಸೇರಿ ಬಾಲಕ್ಲಾವಾ ಬಳಿ ಹಳೆಯ ಮರ, ತಗಡುಗಳಿಂದ ಒಂದು ಛತ್ರ ಕಟ್ಟಿದರು. ಅಲ್ಲಿ ಊಟ, ಸಾಮಾನುಗಳ ವ್ಯಾಪಾರ ನಡೆಯುತ್ತಿತ್ತು. ಅದರ ಜೊತೆಗೇ ರೋಗಿಗಳ ಉಪಚಾರ. ಮದ್ದಿನ ಚೀಲ ಹೊತ್ತು ರಣರಂಗಕ್ಕೂ ಹೋಗುತ್ತಿದ್ದರು. ಗಾಯಗೊಂಡ ರಷ್ಯನ್ ಸೈನಿಕರಿಗೂ, ಶತ್ರುಗಳೆನ್ನದೆ, ಪಟ್ಟಿ ಕಟ್ಟಿದರು. ಸೈನಿಕರ ಪಾಲಿಗೆ ಅವರು ತಾಯಿಯಾದರು.

1856ರಲ್ಲಿ ಯುದ್ಧ ಮುಗಿದಾಗ ಸರಕು ಹಾಗೇ ಉಳಿಯಿತು; ಮೇರಿ ದಿವಾಳಿಯಾದರು. ಅವರ ಉಪಕಾರ ಮರೆಯದವರು 1857ರಲ್ಲಿ ಲಂಡನ್ನಿನಲ್ಲಿ ಸಂಗೀತೋತ್ಸವ ನಡೆಸಿ ನೆರವಾದರು. ಅದೇ ವರ್ಷ ಅವರ ಆತ್ಮಕಥೆ ಪ್ರಕಟವಾಯಿತು. 1860ರ ಸುಮಾರಿಗೆ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. 1881ರ ಮೇ 14ರಂದು ಲಂಡನ್ನಿನಲ್ಲಿ ಮರಣ ಹೊಂದಿದರು. ಕೆನ್ಸಲ್ ಗ್ರೀನ್‌ನ ಸಂತ ಮರಿಯಮ್ಮನವರ ಕಥೋಲಿಕ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಬಳಿಕ ಜಗತ್ತು ಅವರನ್ನು ಬಹುಮಟ್ಟಿಗೆ ಮರೆಯಿತು. 1973ರಲ್ಲಿ ಸಮಾಧಿಯ ಜೀರ್ಣೋದ್ಧಾರವಾಯಿತು. 2016ರಲ್ಲಿ ಲಂಡನ್ನಿನ ಸಂತ ತೋಮಸರ ಆಸ್ಪತ್ರೆಯ ಆವರಣದಲ್ಲಿ ಅವರ ಪ್ರತಿಮೆ ನಿಂತಿತು.

ಅಂದು ಮೇರಿಯನ್ನು ಬೇಡವೆಂದ ಬ್ರಿಟನ್, 1948ರ ನಂತರ ಕೆರಿಬಿಯನ್ ದ್ವೀಪಗಳಿಂದ ದಾದಿಯರನ್ನು ತಾನಾಗಿಯೇ ಕರೆಸಿಕೊಂಡಿತು. ಇಂದು ಅಲ್ಲಿನ ವೃದ್ಧಾಶ್ರಮಗಳಲ್ಲಿ ಆಫ್ರಿಕಾ, ಫಿಲಿಪೈನ್ಸ್, ಭಾರತದ ಕೈಗಳೂ ದುಡಿಯುತ್ತಿವೆ. ಮರೆವಿನ ರೋಗ ಬಂದ ಎಷ್ಟೋ ಹಿರಿಯರು ನಡುವೆ ಕಲಿತ ಭಾಷೆಯನ್ನು ಮರೆತು ಬಾಲ್ಯದ ನುಡಿಗೆ ಮರಳುತ್ತಾರೆ. ಆಗ ಆ ನುಡಿ ಬಲ್ಲ ಒಬ್ಬ ದಾದಿ ಎಷ್ಟೊಂದು ಸಾಂತ್ವನ! ನಾನಾ ಜನಾಂಗದವರು ಕೂಡಿ ದುಡಿಯುವುದರ ಬಲ ಇದು. ಆದರೆ ಸಮಾನ ಗೌರವ, ನ್ಯಾಯವಾದ ಸಂಬಳ ಇಲ್ಲದೆ ಆ ಬಲ ಉಳಿಯದು.

ಪ್ರಿಯ ಓದುಗರೇ, ನಮ್ಮ ಮನೆಯ ಹಿರಿಯರನ್ನು ನೋಡಿಕೊಳ್ಳಲು ಬರುವ ಹೆಣ್ಣುಮಗಳ ಬಣ್ಣ, ಜಾತಿ, ಊರು ವಿಚಾರಿಸುವ ನಾವು, ಆಕೆ ಊಟ ಮಾಡಿದಳೇ ಎಂದು ವಿಚಾರಿಸುತ್ತೇವೆಯೇ? ಆಕೆಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದೇವೆಯೇ? ಅಪ್ಪನ ಮೈ ಒರೆಸುವ ಆ ಕೈ ನಮ್ಮ ಊಟದ ಮೇಜಿಗೂ ಬರಲಿ.