ಡಾ. ವಿಕ್ರಮ ಸಾರಾಭಾಯಿ ಮತ್ತು ಸೂರ್ಯನ ಗಾಳಿ

ನಾನು ಚಿಕ್ಕವನಿದ್ದಾಗ ಮುನವಳ್ಳಿಯ ನಮ್ಮ ಮನೆಯ ರೇಡಿಯೋದಲ್ಲಿ ಹಗಲು ಹೊತ್ತು ಧಾರವಾಡ ನಿಲಯವೇ ಸ್ಪಷ್ಟವಾಗಿ ಕೇಳುತ್ತಿತ್ತು. ಕತ್ತಲಾದೊಡನೆ ಎಲ್ಲೆಲ್ಲಿಯ ನಿಲಯಗಳೋ ಬಂದು ಸೇರುತ್ತಿದ್ದವು. ಅಯಾನುಗೋಲದ ಕೆಳಪದರು ಹಗಲಿನಲ್ಲಿ ಆ ಅಲೆಗಳನ್ನು ಹೀರುವುದೆಂದೂ, ರಾತ್ರಿ ಅದು ಕರಗಲು ಮೇಲ್ಪದರು ಅವನ್ನು ನೆಲಕ್ಕೆ ಮರಳಿಸುವುದೆಂದೂ ಆಮೇಲೆ ತಿಳಿಯಿತು. ಸೂರ್ಯನಿಗೂ ಈ ಪದರುಗಳಿಗೂ ಇರುವ ನಂಟನ್ನು ಹುಡುಕಿಕೊಂಡು ಹೋದವರಲ್ಲಿ ಸಾರಾಭಾಯಿಯವರು ಒಬ್ಬರು.

ಅವರು 1919ರ ಆಗಸ್ಟ್ 12ರಂದು ಅಹಮದಾಬಾದಿನ ಗಿರಣಿ ಮಾಲೀಕರ ಮನೆತನದಲ್ಲಿ ಜನಿಸಿದರು. ಕೇಂಬ್ರಿಜ್ಜಿನಲ್ಲಿದ್ದಾಗ ಮಹಾಯುದ್ಧ ತೊಡಗಿತು. ಸ್ವದೇಶಕ್ಕೆ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ನರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಸಂಶೋಧನೆಗೆ ಕುಳಿತರು. ಸಂಶೋಧನೆಯೆಂದರೆ ಎಣಿಕೆ! ಬಾನಿನಿಂದ ಬರುವ ಕಣಗಳನ್ನು ಹಗಲಿರುಳು ಎಣಿಸಿ, ಯಾವ ಹೊತ್ತಿಗೆ ಹೆಚ್ಚು, ಯಾವ ಹೊತ್ತಿಗೆ ಕಡಿಮೆ ಎಂದು ನೋಡುವುದು. ಸಿರಿವಂತರ ಮಗನಿಗೆ ಇದೆಂಥ ಕೆಲಸವೆಂದು ಯಾರಿಗಾದರೂ ಅನಿಸೀತು.

ಸೂರ್ಯನಿಂದ ವಿದ್ಯುತ್ಕಣಗಳ ಗಾಳಿಯೊಂದು ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಸದಾ ಬೀಸುತ್ತಿರುತ್ತದೆ. ಆಗ ಅದಕ್ಕೆ ಹೆಸರೂ ಇರಲಿಲ್ಲ. ಅದು ರಭಸಗೊಂಡರೆ ಹೊರಗಿನ ವಿಶ್ವಕಿರಣಗಳಿಗೆ ಅಡ್ಡಿಯಾಗಿ ಎಣಿಕೆ ಇಳಿಯುತ್ತದೆ. ಅದೇ ಗಾಳಿ ಭೂಮಿಯನ್ನು ಸುತ್ತುವರಿದ ಕಾಂತಗೋಲವನ್ನು ಒತ್ತಿ ಕದಡುತ್ತದೆ, ಅಯಾನುಗೋಲದ ವಿದ್ಯುತ್ಪ್ರವಾಹಗಳನ್ನು ಏರುಪೇರು ಮಾಡುತ್ತದೆ. 1947ರಲ್ಲಿ ಸಾರಾಭಾಯಿಯವರು ಅಹಮದಾಬಾದಿನಲ್ಲಿ ಭೌತವಿಜ್ಞಾನ ಪ್ರಯೋಗಾಲಯವನ್ನು ತೆರೆದರು. ಅಲ್ಲಿ ಅವರ ಶಿಷ್ಯರಾದವರು ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್. ರಾಯರು ಮುಂದೆ ಅಮೇರಿಕೆಗೆ ಹೋಗಿ, 1962ರ ಮ್ಯಾರಿನರ್-2 ನೌಕೆಯ ಅಳತೆಗಳಿಂದ, ಗಾಳಿಯ ವೇಗ ಹೆಚ್ಚಿದಂತೆ ಭೂಕಾಂತದ ಕ್ಷೋಭೆಯೂ ಹೆಚ್ಚುವುದನ್ನು ಸಂಗಡಿಗರೊಡನೆ ತೋರಿಸಿದರು.

ಜನ ಸಾರಾಭಾಯಿಯವರನ್ನು ರಾಕೆಟ್ಟಿನ ಹೆಸರಿನಿಂದಲೇ ನೆನೆಯುತ್ತಾರೆ. ನನಗದು ಅರ್ಧ ಮಾತೆನಿಸುತ್ತದೆ. ತಿರುವನಂತಪುರದ ಬಳಿಯ ಬೆಸ್ತರ ಹಳ್ಳಿ ತುಂಬಾವನ್ನು ಆರಿಸಿದ್ದು ಕಾಂತೀಯ ಸಮಭಾಜಕ ರೇಖೆ ಅದರ ಸಮೀಪ ಹಾದುಹೋಗುತ್ತಿದ್ದುದರಿಂದ. ಆ ರೇಖೆಯ ಮೇಲೆ, ನೆಲದಿಂದ ನೂರು ಕಿಲೋಮೀಟರಿಗೂ ತುಸು ಎತ್ತರದಲ್ಲಿ, ಹಗಲೆಲ್ಲ ವಿದ್ಯುತ್ತಿನ ಹೊಳೆಯೊಂದು ಹರಿಯುತ್ತದೆ. ಬಲೂನು ಅಷ್ಟೆತ್ತರ ಏರಲಾರದು. ಉಪಗ್ರಹ ಅಷ್ಟು ಕೆಳಗೆ ತಿರುಗಲಾರದು. ರಾಕೆಟ್ಟೇ ಬೇಕಾಯಿತು. ಊರವರು ಜಾಗ ಬಿಟ್ಟುಕೊಟ್ಟರು, ಅವರ ಇಗರ್ಜಿಯೇ ಕಚೇರಿಯಾಯಿತು. 1963ರ ನವೆಂಬರ್ 21ರಂದು ಮೊದಲ ರಾಕೆಟ್ಟು ಹಾರಿತು.

1966ರಲ್ಲಿ ಭಾಭಾ ತೀರಿಕೊಂಡ ಮೇಲೆ ಅಣುಶಕ್ತಿ ಆಯೋಗದ ಭಾರವೂ ಇವರ ಹೆಗಲೇರಿತು. 1971ರ ಡಿಸೆಂಬರ್ 30ರಂದು, ತುಂಬಾದಿಂದ ಬಹುದೂರವಲ್ಲದ ಕೋವಳಂನಲ್ಲಿ ನಿದ್ದೆಯಲ್ಲಿಯೇ ಕಾಲವಾದರು, ವಯಸ್ಸು 52. ರಾಯರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ಆರ್ಯಭಟ 1975ರ ಏಪ್ರಿಲ್ 19ರಂದು ಮೇಲೇರಿದಾಗ ಅದರಲ್ಲಿ ಅಯಾನುಗೋಲವನ್ನು ಅಳೆಯುವ ಉಪಕರಣವೂ ಇತ್ತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಅದು ನಿಂತುಹೋಯಿತು.